ಯಾರಿಗೆ ಗೊತ್ತಾಗುತ್ತೆ ಮಾಮಾ? ಒಂದು ಮದುವೆ ವಾಚಿನ ಪ್ರಕರಣ

ನನ್ನ ಅಕ್ಕನ ಮಗನಿಗೆ 27 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮದುವೆ ನಿಶ್ಚಯವಾಗಿತ್ತು. ಹುಡುಗಿ ಚನ್ನಗಿರಿ ಕಡೆಯವಳು, ಅಡಿಕೆ ತೋಟದ ಮನೆ. ಮದುವೆ ಇಲ್ಲೇ ದಾವಣಗೆರೆಯಲ್ಲಿ. ನಮ್ಮ ಕಡೆ ಅಳಿಯನಿಗೆ ವಾಚು, ಉಂಗುರ ಕೊಡುವ ರೂಢಿ ಇದೆ. ನಮ್ಮವರು ಯಾರೂ ಏನೂ ಕೇಳಿರಲಿಲ್ಲ. ಆದರೂ ಹುಡುಗಿಯ ಅಪ್ಪ ನಿಶ್ಚಿತಾರ್ಥದ ದಿನವೇ ಹೇಳಿಬಿಟ್ಟಿದ್ದರು: "ವಾಚು ನಿಮಗೆ ಯಾವುದು ಇಷ್ಟಾನೋ ನೀವೇ ನೋಡಿ. 25,000ದ ಒಳಗೆ ಇರಲಿ, ನಾನು ಕೊಡಿಸ್ತೀನಿ."

ಲಗ್ನಪತ್ರಿಕೆ ಹಂಚೋಕೆ ಅಂತ ಹುಡುಗ ಒಂದು ವಾರ ರಜೆ ಹಾಕಿ ಊರಿಗೆ ಬಂದಿದ್ದ. ಭಾನುವಾರ ಸಂಜೆ ನಮ್ಮ ಮನೆಗೆ ಬಂದು ಮೊಬೈಲ್ ಮುಂದೆ ಹಿಡಿದ. ಕಪ್ಪು ಡಯಲ್, ಗಾಜಿನ ಸುತ್ತ ಕಪ್ಪು ಬಳೆ (ಬೆಜೆಲ್), ಸ್ಟೀಲ್ ಚೈನು, 12ರ ತ್ರಿಕೋನದ ಕೆಳಗೆ ಕಿರೀಟದ ಗುರುತು. ರೋಲೆಕ್ಸ್ ಸಬ್‌ಮರೀನರ್. ಬೆಲೆ 24,500 ರೂಪಾಯಿ.

"ಇದು ಅಸಲಿ ಅಲ್ಲ ಅಂತ ನನಗೂ ಗೊತ್ತು ಮಾಮಾ. ಸೂಪರ್ ಕ್ಲೋನ್. ಅಸಲಿ ಪಕ್ಕದಲ್ಲೇ ಇಟ್ಟರೂ ಹೇಳೋಕೆ ಬರಲ್ಲ. ಯಾರಿಗೆ ಗೊತ್ತಾಗುತ್ತೆ?"

ಬುಕಿಂಗ್ ಅಂತ ಆಗಲೇ 2,000 ಕಳಿಸಿದ್ದ. ಉಳಿದದ್ದನ್ನು ಬುಧವಾರದೊಳಗೆ ಹಾಕಬೇಕು.

ನಾನು ಬಟ್ಟೆ ಅಂಗಡಿ, ಅಡಿಕೆ ಮಂಡಿ, ಹಾರ್ಡ್‌ವೇರ್ ಅಂಗಡಿಗಳ ತೆರಿಗೆ ಲೆಕ್ಕ ಬರೆಯುವವನು. ಮೊದಲು ವ್ಯಾಟ್, ಈಗ ಜಿಎಸ್‌ಟಿ. ದಿನವಿಡೀ ಬಿಲ್ ನೋಡುವುದೇ ಕೆಲಸ. ವಾಚಿನ ಹುಚ್ಚೂ ಮೊದಲಿಂದ ಇದೆ. ಅದಕ್ಕೇ ಅವನು ಅಪ್ಪನ ಹತ್ತಿರ ಹೋಗದೆ ನನ್ನ ಹತ್ತಿರ ಬಂದಿದ್ದ. ಬುಧವಾರದವರೆಗೆ ನಾವಿಬ್ಬರೂ ಸೇರಿ ಏನೇನು ನೋಡಿದೆವು, ಹೇಗೆ ತೀರ್ಮಾನಕ್ಕೆ ಬಂದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಇಂಥದ್ದೇ ಲಿಂಕ್ ಹಿಡಿದು ಕೂತಿರುವ ಹುಡುಗರು ಜಾಸ್ತಿ ಇದ್ದಾರೆ ಅಂತ ನನಗೆ ಗೊತ್ತು.

ಅವನ ಮಾತಿನಲ್ಲಿದ್ದ ನಿಜ

ಬೈದು ಕಳಿಸುವುದು ಸುಲಭ ಇತ್ತು. ಆದರೆ ಅವನ ಮಾತು ಪೂರ್ತಿ ತಪ್ಪಲ್ಲ. ಅಸಲಿ ಸಬ್‌ಮರೀನರ್ 1953ರಿಂದ ಇರುವ ಡೈವರ್ ವಾಚು, ಅಂದರೆ ನೀರಿನಾಳಕ್ಕೆ ಇಳಿಯುವವರ ವಾಚು. ಈಗಿನ 41 ಮಿಲಿಮೀಟರಿನ ಮಾಡೆಲ್ 2020ರಲ್ಲಿ ಬಂತು. 300 ಮೀಟರ್‌ವರೆಗೆ ನೀರು ತಡೆಯುತ್ತದೆ. ಪೂರ್ತಿ ಕೀಲಿ ತುಂಬಿದ್ದರೆ ಕೈಯಿಂದ ತೆಗೆದಿಟ್ಟ ಮೇಲೂ 70 ಗಂಟೆ ನಡೆಯುತ್ತದೆ. ಗ್ಯಾರಂಟಿ 5 ವರ್ಷ. ಬೆಲೆ ಹತ್ತು ಲಕ್ಷದ ಆಸುಪಾಸು. "ಅದರಲ್ಲಿ ಸ್ಟೀಲಿಗೆ ಎಷ್ಟು, ಮೆಷಿನ್ನಿಗೆ ಎಷ್ಟು, ಹೆಸರಿಗೆ ಎಷ್ಟು?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. "ನಾನು ಹೇಗಿದ್ದರೂ ಅಸಲಿ ಕೊಳ್ಳೋನಲ್ಲ. ಅವರಿಗೆ ನನ್ನಿಂದ ಏನು ನಷ್ಟ?" ಅಂದ. ಅದಕ್ಕೂ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ.

ಒಳ್ಳೆಯ ಕಾಪಿ ಬರಿಗಣ್ಣಿಗೆ ಸಿಗುವುದಿಲ್ಲ ಅನ್ನುವುದೂ ನಿಜ. ತೂಕ ಕಮ್ಮಿ ಇರುತ್ತೆ, ಸ್ಪೆಲಿಂಗ್ ತಪ್ಪಿರುತ್ತೆ ಅನ್ನುವುದೆಲ್ಲ ಹಳೆಯ ಮಾತು. ಅವನು ಮಾತ್ರ ಒಂದು ವಿಷಯದಲ್ಲಿ ಮೋಸ ಹೋಗಿದ್ದ. ಸೆಕೆಂಡಿನ ಮುಳ್ಳು ಟಿಕ್ ಟಿಕ್ ಅನ್ನದೆ ಜಾರಿಕೊಂಡು ಹೋಗುವ ವಿಡಿಯೋ ತೋರಿಸಿ, "ನೋಡಿ, ಅಸಲಿ ಥರಾನೇ" ಅಂದ. ಸೆಲ್ ಇಲ್ಲದ ಯಾವ ಮೆಕ್ಯಾನಿಕಲ್ ವಾಚಿನಲ್ಲಾದರೂ ಮುಳ್ಳು ಹಾಗೇ ಜಾರುತ್ತದೆ. ಗಂಟೆಗೆ 28,800 ಸಲ ಬಡಿಯುವ ಮೆಷಿನ್ ಆದರೆ ಸೆಕೆಂಡಿಗೆ ಎಂಟು ಪುಟ್ಟ ಹೆಜ್ಜೆ, 21,600 ಆದರೆ ಆರು. ಅಸಲಿಯದು ಎಂಟು. ಅಗ್ಗದ ಚೀನಾ ಆಟೊಮ್ಯಾಟಿಕ್ (ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವ) ಮೆಷಿನ್ನುಗಳು ಸಾಮಾನ್ಯವಾಗಿ ಆರು. ಆರನ್ನೂ ಎಂಟನ್ನೂ ಕಣ್ಣಲ್ಲಿ ಬೇರೆ ಮಾಡೋಕೆ ಅಭ್ಯಾಸ ಬೇಕು.

ಇನ್ನು "ಫಸ್ಟ್ ಕಾಪಿ", "7ಎ", "ಮಾಸ್ಟರ್ ಕಾಪಿ", "ಸೂಪರ್ ಕ್ಲೋನ್" ಅನ್ನುವ ದರ್ಜೆಗಳು. ಹತ್ತಿಗೆ, ಅಡಿಕೆಗೆ ದರ್ಜೆ ಇದೆ. ಅಡಿಕೆ ಮಂಡಿಯಲ್ಲಿ "ರಾಶಿ ಇಡಿ", "ಬೆಟ್ಟೆ", "ಗೊರಬಲು" ಅಂದರೆ ತಂದವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಈ ವಾಚಿನ ದರ್ಜೆಗಳನ್ನು ಅಳೆಯುವವರು ಯಾರೂ ಇಲ್ಲ. 2,000ದ ವಾಚಿಗೂ 7ಎ ಅಂತಾರೆ, 20,000ದ ವಾಚಿಗೂ 7ಎ ಅಂತಾರೆ. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಒಳ್ಳೆಯದು ಬರುತ್ತೆ ಅನ್ನುವುದಕ್ಕೆ ಮಾರುವವನ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ.

"ಅದಿರಲಿ, ಈ ವಾಚೇ ಯಾಕೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮದುವೆಗೆ ಆಫೀಸಿನ ಟೀಮು ಬರುತ್ತದೆ. ಅದರಲ್ಲಿ ಇಬ್ಬರ ಕೈಯಲ್ಲಿ ದುಬಾರಿ ವಾಚು. ಮೀಟಿಂಗಿನಲ್ಲಿ ಅವರ ಎದುರು ಕೂತಾಗ ತಾನು ಅಂಗಿಯ ತೋಳನ್ನು ಮಣಿಕಟ್ಟಿನ ಕೆಳಗೆ ಎಳೆದುಕೊಳ್ಳುತ್ತೇನೆ ಅಂದ. ಹೇಳುವಾಗಲೂ ಅವನ ಎಡಗೈ ಬಲಗೈಯ ತೋಳನ್ನು ಹಿಡಿದಿತ್ತು. ಚಿಕ್ಕಂದಿನಿಂದ ನಾನು ಎತ್ತಿ ಆಡಿಸಿದ ಹುಡುಗ. ನನಗೆ ತುಂಬಾ ಸಂಕಟವಾಯಿತು. ಆಮೇಲೆ ನಾನು ಏನು ಹೇಳಿದರೂ ಅವನ ತಪ್ಪು ಎತ್ತಿ ತೋರಿಸುವ ದನಿಯಲ್ಲಿ ಹೇಳಬಾರದು ಅಂತ ಆಗಲೇ ಅಂದುಕೊಂಡೆ.

ಮಾರುವವನು ಯಾರು?

ಸೋಮವಾರ ನನಗೆ ಗೊತ್ತಿರುವ ಕೆಲಸದಿಂದ ಶುರು ಮಾಡಿದೆವು. ಮಾರುವವನ ವಿಳಾಸ ಹುಡುಕಿದೆವು. ಪೇಜಿನಲ್ಲಿ ಒಂದು ಚೆಂದದ ಹೆಸರು ಇದೆ, ಊರು ಇಲ್ಲ. ಹುಡುಗ 2,000 ಕಳಿಸಿದ ಯುಪಿಐ ರಸೀತಿ ತೆಗೆಸಿದೆ. ಅದರಲ್ಲಿ ಬಂದದ್ದು ಬೇರೆ ಯಾರೋ ಒಬ್ಬ ವ್ಯಕ್ತಿಯ ಹೆಸರು. ಪೇಜಿಗೂ ಅದಕ್ಕೂ ಸಂಬಂಧವೇ ಕಾಣಲಿಲ್ಲ.

"ಜಿಎಸ್‌ಟಿ ನಂಬರ್ ಕೇಳು" ಅಂದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಆ ನಂಬರಿನಲ್ಲಿ 15 ಅಕ್ಷರ, ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಲಾಗಿನ್ ಕೂಡ ಬೇಡ. ಕೈಗಡಿಯಾರಕ್ಕೆ 18% ತೆರಿಗೆ. 24,500ರ ಮಾಲಿಗೆ ಸರಿಯಾದ ಬಿಲ್ ಇದ್ದರೆ ಅದರಲ್ಲಿ ತೆರಿಗೆಯೇ 3,700ರ ಮೇಲೆ ಕಾಣಬೇಕು.

ವಾಟ್ಸಾಪಿನಲ್ಲಿ ಉತ್ತರ ಬಂತು: "ಬಿಲ್ ಇಲ್ಲ ಬ್ರೋ. ಬಾಕ್ಸ್, ಗ್ಯಾರಂಟಿ ಕಾರ್ಡ್ ಬರುತ್ತೆ. ಸೇಮ್ ಒರಿಜಿನಲ್."

ಆ ಒಂದು ಸಾಲನ್ನು ಹುಡುಗನಿಂದ ಎರಡು ಸಲ ಓದಿಸಿದೆ. ಬಿಲ್ ಇಲ್ಲ, ಆದರೆ ಗ್ಯಾರಂಟಿ ಕಾರ್ಡ್ ಇದೆ. ಅಂದರೆ ಆ ಕಾರ್ಡಿನ ಮೇಲಿರುವ ನಂಬರು, ಅಂಗಡಿ ಹೆಸರು, ತಾರೀಕು ಎಲ್ಲವೂ ಸುಳ್ಳು. ವಾಚಿನ ಮೇಲೆ ಇರುವುದು ಒಂದು ಸುಳ್ಳು ಹೆಸರು. ಕಾರ್ಡಿನ ಮೇಲೆ ಇರುವುದು ಯಾರೋ ಕೂತು ಬರೆದ ಸುಳ್ಳು ಕಾಗದ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಮಾರುವವರು ತಮ್ಮ ಕಾನೂನುಬದ್ಧ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ತೋರಿಸಲೇಬೇಕು. ಇಲ್ಲಿ ಯಾವುದೂ ಇಲ್ಲ. ರೋಲೆಕ್ಸ್ ಕಂಪನಿಯಂತೂ ಹೊಸ ವಾಚನ್ನು ಆನ್‌ಲೈನಿನಲ್ಲಿ ಮಾರುವುದೇ ಇಲ್ಲ, ಅವರ ಅಧಿಕೃತ ಅಂಗಡಿಗೇ ಹೋಗಬೇಕು. "ಸ್ವಿಸ್ ಮೆಷಿನ್" ಅಂತಲೂ ಆ ಪೇಜಿನಲ್ಲಿ ಬರೆದಿತ್ತು. ಸ್ವಿಟ್ಜರ್ಲೆಂಡಿನ ಕಾನೂನಿನ ಪ್ರಕಾರ, 2017ರಿಂದ ವಾಚಿನ ತಯಾರಿಕೆ ವೆಚ್ಚದ ಕನಿಷ್ಠ 60% ಆ ದೇಶದಲ್ಲೇ ಆಗಿದ್ದರೆ ಮಾತ್ರ ಡಯಲಿನ ಮೇಲೆ ಸ್ವಿಸ್ ಅಂತ ಹಾಕಬಹುದು. 24,500ಕ್ಕೆ ಹತ್ತು ಲಕ್ಷದ ವಾಚಿನ ನಕಲು ಮಾಡುವವನು ಅಷ್ಟನ್ನೂ ಅಲ್ಲೇ ಮಾಡಿಸಿ ತರುತ್ತಾನಾ?

ಕಾನೂನಿನ ಭಯ ಇದೆಯಾ ಅಂತ ಹುಡುಗ ಕೇಳಿದ. ನನಗೆ ತಿಳಿದದ್ದನ್ನು ಇದ್ದ ಹಾಗೇ ಹೇಳಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್ ಸುಳ್ಳು ಗುರುತು ಹಾಕುವವರಿಗೆ, ಅಂಥ ಮಾಲು ಮಾರುವವರಿಗೆ, ಮಾರೋಕೆ ಇಟ್ಟುಕೊಂಡವರಿಗೆ ಶಿಕ್ಷೆ ಹೇಳುತ್ತವೆ. ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ತಾನೇ ಕಟ್ಟಿಕೊಳ್ಳೋಕೆ ಅಂತ ಒಂದು ಕೊಂಡವನ ಮೇಲೆ ಈ ಸೆಕ್ಷನ್‌ಗಳು ಬರುವುದಿಲ್ಲ. ಆದರೆ ಎರಡು ವರ್ಷ ಬಿಟ್ಟು ಬೇಜಾರಾಗಿ ಯಾರಿಗೋ ಮಾರಿದರೆ, ಆಗ ಅವನೇ ಮಾರುವವನು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಕೆಟ್ಟರೆ ಮಾರಿಬಿಡ್ತೀನಿ ಅನ್ನುವುದೂ ಅವನ ಲೆಕ್ಕದಲ್ಲಿತ್ತು.

ಮಂಡಿಪೇಟೆಯ ಕೌಂಟರ್

ಮಂಗಳವಾರ ಬೆಳಗ್ಗೆ ಮಂಡಿಪೇಟೆಯಲ್ಲಿ ನನಗೆ ಗೊತ್ತಿರುವ ಒಬ್ಬ ವಾಚು ರಿಪೇರಿಯವರ ಹತ್ತಿರ ಕರೆದುಕೊಂಡು ಹೋದೆ. ಎರಡು ಅಡಿ ಅಗಲದ ಕೌಂಟರ್, ಒಂದು ಟ್ಯೂಬ್‌ಲೈಟ್, ಬಿಡಿಭಾಗ ಹಾಕಿಟ್ಟ ಸಣ್ಣ ಸಣ್ಣ ಡಬ್ಬಿಗಳು. ಹೊರಗೆ ಮೂಟೆ ಇಳಿಸುವ ಗಲಾಟೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಆ ಗಲಾಟೆ ಅವರಿಗೆ ಕೇಳಿಸುವುದೇ ಇಲ್ಲ.

ವಿಷಯ ಹೇಳಿದೆವು. ಡ್ರಾಯರಿನಿಂದ ಒಂದು ವಾಚು ತೆಗೆದರು. ಇದೇ ಮಾಡೆಲಿನ ಕಾಪಿ. ಯಾರೋ ರಿಪೇರಿಗೆ ಕೊಟ್ಟು, ಖರ್ಚು ಕೇಳಿ, ವಾಪಸ್ ತಗೊಳ್ಳೋಕೆ ಬರಲೇ ಇಲ್ಲವಂತೆ. ತಿರುಗಿಸಿ ತೋರಿಸಿದರು. ಹಿಂಭಾಗಕ್ಕೆ ಗಾಜು, ಒಳಗಿನ ಮೆಷಿನ್ ಕಾಣುತ್ತದೆ. "ಅಸಲಿಯದು ಮುಚ್ಚಿದ ಸ್ಟೀಲು. ಗಾಜು ನೋಡಿದ ಕೂಡಲೇ ನನಗೆ ಸಾಕು" ಅಂದರು. ಹುಡುಗ ತಕ್ಷಣ, "ನಾನು ನೋಡಿರೋದರಲ್ಲಿ ಹಿಂದೆ ಸ್ಟೀಲೇ ಇದೆ" ಅಂದ. ಅವರು ತಲೆ ಆಡಿಸಿದರು. "ಇರಬಹುದು. ಒಳ್ಳೆ ಕಾಪಿ ಇರುತ್ತವೆ. ಬಿಚ್ಚೋತನಕ ನಾನೂ ಹೇಳಲ್ಲ."

ಆಮೇಲೆ ಮುಚ್ಚಳ ಬಿಚ್ಚಿದರು. ಭೂತಗನ್ನಡಿಯನ್ನು ಹುಡುಗನ ಕೈಗೆ ಕೊಟ್ಟರು. ಅವನಾದ ಮೇಲೆ ನಾನೂ ನೋಡಿದೆ. ಮುಚ್ಚಳದ ಅಂಚಿನಲ್ಲಿ ನೀರು ತಡೆಯಬೇಕಾದ ರಬ್ಬರ್ ಉಂಗುರ ಒಂದು ಕಡೆ ಹಿಂಡಿ ಹೋಗಿ, ಕೂದಲೆಳೆಯಷ್ಟು ತೆಳ್ಳಗಾಗಿತ್ತು. ಅಲ್ಲಿಂದ ಒಳಗೆ ಬೆವರು ಇಳಿದ ದಾರಿ ಗೊತ್ತಾಗುತ್ತಿತ್ತು. ಕೈ ಅಲುಗಿದಾಗ ತಿರುಗಿ ಕೀಲಿ ತುಂಬುವ ರೋಟರಿನ ಅಂಚಿಗೆ ಕಂದು ತುಕ್ಕು. ಒಂದು ಸ್ಕ್ರೂ ತಲೆ ಪೂರ್ತಿ ಕೆಂಪಾಗಿತ್ತು. ಮೆಷಿನ್ನಿನ ಮೇಲೆ ಎಲ್ಲೂ ಹೆಸರಿಲ್ಲ. ತಿರುಗಿಸಿ ಡಯಲ್ ನೋಡಿದರೆ ಅದರ ಮೇಲೆ 300 ಮೀಟರ್ ಅಂತ ಅಚ್ಚು.

"ಇದಕ್ಕೆ ಬಿಡಿಭಾಗ ಸಿಗಲ್ಲ. ಮೆಷಿನ್ನನ್ನೇ ಬದಲಾಯಿಸಬೇಕು. ಅದಕ್ಕೆ ಸರಿಯಾಗಿ ಡಯಲಿನ ಕಾಲು ಕೂರಲ್ಲ, ಮುಳ್ಳಿನ ತೂತು ಹೊಂದಲ್ಲ. ಕೊನೆಗೆ ಮೇಲಿನ ಡಬ್ಬಿ ಮಾತ್ರ ಉಳಿಯುತ್ತೆ." ಒಳ್ಳೆಯ ಕ್ಲೋನ್ ಆದರೆ? "ಅದರಲ್ಲಿ ಅಸಲಿ ಮೆಷಿನ್ನನ್ನೇ ನಕಲು ಮಾಡಿರ್ತಾರೆ. ಅಸಲಿ ಪಾರ್ಟು ಕಂಪನಿ ಕೊಡಲ್ಲ. ನಕಲಿ ಪಾರ್ಟು ಯಾರ ಹತ್ತಿರ ಕೇಳೋದು?"

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಆಟೊಮ್ಯಾಟಿಕ್ ವಾಚು ಅಂದರೆ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕಾದ ವಸ್ತು. ಅದನ್ನು ಕೊಳ್ಳುವವನು ಮುಂದೆ ಅದನ್ನು ನೋಡಿಕೊಳ್ಳುವವರನ್ನೂ ಸೇರಿಸಿಯೇ ಕೊಳ್ಳುತ್ತಾನೆ. 24,500ರ ಕ್ಲೋನಿಗೆ ದಾವಣಗೆರೆಯಲ್ಲೂ ಯಾರೂ ಇಲ್ಲ, ಬೆಂಗಳೂರಲ್ಲೂ ಇಲ್ಲ. ಅದನ್ನು ಮಾರಿದವನೂ ಇಲ್ಲ.

ಹೊರಗೆ ಬಂದ ಮೇಲೆ ಹುಡುಗ ಇನ್ನೊಂದು ಲಿಂಕ್ ತೋರಿಸಿದ. "ಇದು ಬೇಡ ಅಂದರೆ ಹಳೇ ಎಚ್‌ಎಂಟಿ ಜನತಾ ತಗೊಳ್ಳಲಾ? 1,400ಕ್ಕೆ ಸಿಗುತ್ತೆ. ವಿಂಟೇಜ್." ಡಯಲ್ ಗಿಳಿ ಹಸಿರು, ಹೊಳೆಯುತ್ತಿತ್ತು. ನನ್ನ ಎದೆ ಧಸಕ್ ಅಂತು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮೊದಲ ವಾಚು ಅಂದರೆ ಜನತಾ, ಒಳಗೆ 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಹರಳು), ದಿನಾ ಬೆಳಗ್ಗೆ ಕೀಲಿ ಕೊಡಬೇಕು. ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹೊಳಪಿನ ಎಚ್‌ಎಂಟಿಗಳಲ್ಲಿ ಜಾಸ್ತಿ ಭಾಗ ಹಳೇ ಮೆಷಿನ್ ಹಾಕಿ, ಡಯಲಿಗೆ ಹೊಸ ಬಣ್ಣ ಬಳಿದು, ಹೆಸರು ಮತ್ತೆ ಅಚ್ಚು ಹಾಕಿದವು. ಕಂಪನಿ ಯಾವತ್ತೂ ಮಾಡದ ಬಣ್ಣಗಳೂ ಬರುತ್ತವೆ. ಹತ್ತು ಲಕ್ಷದ ವಾಚಿಗೆ ಆಗುವುದೇ ಸಾವಿರ ರೂಪಾಯಿಯ ವಾಚಿಗೂ ಆಗುತ್ತಿದೆ. ಜನತಾ ಬೇಕು ಅಂದರೆ ಅಜ್ಜ, ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಹುಡುಕು ಅಂದೆ. ಅವನು ಹುಡುಕಿದ, ಸಿಗಲಿಲ್ಲ.

ಪಟ್ಟಿಯಲ್ಲಿ ಏನಂತ ಬರೆಯೋದು?

ಇಷ್ಟೆಲ್ಲ ನೋಡಿದ ಮೇಲೂ ಅವನ ಮನಸ್ಸು ಪೂರ್ತಿ ತಿರುಗಿರಲಿಲ್ಲ. ನೇರವಾಗಿ ಹೇಳಬೇಕು ಅಂದರೆ, ರಿಪೇರಿ, ಬಿಲ್ಲು, ಕಾನೂನು ಯಾವುದೂ 27 ವರ್ಷದ ಹುಡುಗನಿಗೆ ದೊಡ್ಡದಾಗಿ ಕಾಣುವುದಿಲ್ಲ. "ಮೂರು ವರ್ಷ ನಡೆದರೆ ಸಾಕು ಮಾಮಾ" ಅಂದ. ಅವನದೇ ದುಡ್ಡಾಗಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೇನೋ.

ಮಂಗಳವಾರ ರಾತ್ರಿ ಹುಡುಗಿಯ ಅಪ್ಪ ನನಗೆ ಫೋನ್ ಮಾಡಿದರು. ಮದುವೆಯಲ್ಲಿ ಕೊಡುವ ವಸ್ತುಗಳ ಪಟ್ಟಿ ಬರೆದುಕೊಡಿ ಅಂತ ಮೊದಲೇ ನನಗೆ ಹೇಳಿದ್ದರು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ, ಕೇಳದೆ ಕೊಟ್ಟ, ರೂಢಿಯಲ್ಲಿರುವ, ಕೊಡುವವರ ಶಕ್ತಿಗೆ ಮೀರದ ಉಡುಗೊರೆಗೆ ಅವಕಾಶ ಇದೆ. ಆದರೆ ಅವನ್ನು ಪಟ್ಟಿಯಲ್ಲಿ ಬರೆಯಬೇಕು. 1985ರ ನಿಯಮಗಳು ಹೇಗೆ ಬರೆಯಬೇಕು ಅಂತಲೂ ಹೇಳುತ್ತವೆ: ಪ್ರತಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಏನು ಸಂಬಂಧ. ಕೆಳಗೆ ಗಂಡು, ಹೆಣ್ಣು ಇಬ್ಬರ ಸಹಿ. ಇದನ್ನು ಮಾಡುವ ಮನೆಗಳು ಕಮ್ಮಿ. ಅವರು ಮಾಡುತ್ತೇವೆ ಅಂದದ್ದಕ್ಕೇ ನನಗೆ ಅವರ ಮೇಲೆ ಗೌರವ.

"ವಾಚು ನೋಡಿದ್ದಾರಂತಲ್ವಾ? ಯಾವ ಕಂಪನಿ, ಎಷ್ಟು ಅಂತ ಹೇಳಿ. ಬಿಲ್ಲೊಂದು ಇಟ್ಟುಕೊಂಡಿರಿ, ಪಟ್ಟಿಗೆ ಪಿನ್ ಮಾಡೋಣ" ಅಂದರು.

ನಾಳೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಪಟ್ಟಿ ತೆಗೆದೆ. ಮೂರನೇ ಸಾಲು ಖಾಲಿ ಇತ್ತು. ಹುಡುಗನನ್ನು ಪಕ್ಕ ಕೂರಿಸಿಕೊಂಡು ಪೆನ್ನು ಅವನ ಕೈಗೆ ಕೊಟ್ಟೆ. "ನೀನೇ ಬರೆ" ಅಂದೆ. ಒತ್ತಾಯ ಮಾಡಲಿಲ್ಲ.

"ರೋಲೆಕ್ಸ್ ವಾಚು, 24,500" ಅಂತ ಬರೆದರೆ ವಸ್ತುವೂ ಸುಳ್ಳು, ಬೆಲೆಯೂ ಅರ್ಥವಿಲ್ಲದ್ದು. "ನಕಲಿ ವಾಚು" ಅಂತ ಬರೆದರೆ ಮಾವನಿಗೆ ಕಾಣುತ್ತದೆ. "ವಾಚು" ಅಂತ ಮಾತ್ರ ಬರೆದರೆ ಅವರು ಯಾವ ಕಂಪನಿ ಅಂತ ಕೇಳುತ್ತಾರೆ. ಅವರು ತೋಟ, ಮಳೆ, ಅಡಿಕೆ ರೇಟು ಬಿಟ್ಟು ಬೇರೆ ಗೊತ್ತಿಲ್ಲದ ಮನುಷ್ಯ ಅಲ್ಲ. ಊರಲ್ಲಿ ನಾಲ್ಕು ಜನಕ್ಕೆ "ಅಳಿಯನಿಗೆ ಇಂಥ ವಾಚು ಕೊಡಿಸಿದೆ" ಅಂತ ಖುಷಿಯಿಂದ ಹೇಳುವವರು. ಅವರ ದುಡ್ಡಿನಲ್ಲಿ ಕೊಂಡು, ಅವರ ಬಾಯಿಂದಲೇ, ಅವರಿಗೇ ಗೊತ್ತಿಲ್ಲದ ಸುಳ್ಳನ್ನು ಹೇಳಿಸಿದ ಹಾಗೆ ಆಗುತ್ತಿತ್ತು. ಯಾರಿಗೆ ಗೊತ್ತಾಗುತ್ತೆ ಅಂತ ಅವನು ಭಾನುವಾರದಿಂದ ಕೇಳುತ್ತಿದ್ದ. ಇಲ್ಲಿ ಗೊತ್ತಾಗದೆ ಉಳಿಯುವವರು ಅವರೊಬ್ಬರೇ.

ಪೆನ್ನು ಕೆಳಗಿಟ್ಟು ಹುಡುಗಿಗೆ ಫೋನ್ ಮಾಡೋಕೆ ಹೊರಗೆ ಹೋದ. ಅರ್ಧ ಗಂಟೆ ಬಿಟ್ಟು ಬಂದ. ಅವಳಿಗೆ ಎಲ್ಲ ಹೇಳಿದನಂತೆ. ಅವಳು ಬೈಯಲಿಲ್ಲ, ನಗಲೂ ಇಲ್ಲ. "ಪಟ್ಟಿಗೆ ನಾನೂ ಸಹಿ ಹಾಕಬೇಕಲ್ವಾ?" ಅಂತ ಮಾತ್ರ ಕೇಳಿದಳಂತೆ.

ಬುಧವಾರ ಬೆಳಗ್ಗೆ ಅವನೇ ಬುಕಿಂಗ್ ಕ್ಯಾನ್ಸಲ್ ಮಾಡಿದ. ಮಾರುವವನು 2,000 ವಾಪಸ್ ಕೊಡಲ್ಲ ಅಂದ. ಮಧ್ಯಾಹ್ನದ ಹೊತ್ತಿಗೆ ನಂಬರ್ ಬ್ಲಾಕ್ ಮಾಡಿದ್ದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಇಂಥದ್ದರಲ್ಲಿ ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ ಅಂದೆ. ಅವನಿಗೆ ಮುಜುಗರ. "ಏನಂತ ಹೇಳಲಿ? ನಕಲಿ ವಾಚು ಕೊಳ್ಳೋಕೆ ದುಡ್ಡು ಕೊಟ್ಟೆ ಅಂತಾನಾ?" ಎರಡು ದಿನ ಬಿಟ್ಟು ದೂರು ಕೊಟ್ಟ. ದುಡ್ಡು ಬರಲಿಲ್ಲ. ಇಂಥವರು ನೆಚ್ಚಿಕೊಂಡಿರುವುದೇ ಆ ಮುಜುಗರವನ್ನು. ಬೇರೆ ಹುಡುಗರು ದಯವಿಟ್ಟು ಆ ಎರಡು ದಿನ ಕಾಯಬೇಡಿ.

ವಾಚು ಬೇಡವೇ ಬೇಡ ಅಂತಲೂ ಹುಡುಗ ಮಾವನಿಗೆ ಹೇಳಿ ನೋಡಿದ. ಅವರು ಒಪ್ಪಲಿಲ್ಲ. ಗುರುವಾರ ಮೂವರೂ ಸೇರಿ ಪಿ.ಬಿ. ರಸ್ತೆಯ ಅಂಗಡಿಗೆ ಹೋದೆವು. ಅವನಿಗೆ ಬೇಕಾಗಿದ್ದ ಕಪ್ಪು ಡಯಲ್, ಸ್ಟೀಲ್ ಚೈನಿನ ವಾಚು ತನ್ನದೇ ಹೆಸರಿನಲ್ಲಿ ಮಾಡುವ ಕಂಪನಿಗಳು ಬೇಕಾದಷ್ಟಿವೆ. ಆಕಾರ ಹತ್ತಿರದ್ದಾದರೂ ಡಯಲಿನ ಮೇಲೆ ಅವರವರ ಹೆಸರೇ ಇರುತ್ತದೆ. ನಾಲ್ಕೈದು ಕಟ್ಟಿ ನೋಡಿದ. ಕೊನೆಗೆ ಒಂದು ಟೈಟನ್ ಆಟೊಮ್ಯಾಟಿಕ್ ಹಿಡಿದುಕೊಂಡ. 13,995 ರೂಪಾಯಿ. ಮಾವ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯವನು ಸೀಲು ಒತ್ತಿದ. ಇಂಕು ಸ್ವಲ್ಪ ಹರಡಿತು. ಇನ್ನೊಂದು ಸಲ ಒತ್ತಿ ಅಂತ ಅವರೇ ಒತ್ತಿಸಿದರು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆಯಾ ಅಂತ ಹುಡುಗ ನೋಡಿದ್ದನ್ನು ನಾನು ಗಮನಿಸಿದೆ.

ಮದುವೆಯ ಮಾರನೇ ದಿನ ಪಟ್ಟಿಗೆ ಇಬ್ಬರೂ ಸಹಿ ಹಾಕಿದರು. ಮೂರನೇ ಸಾಲನ್ನು ಹುಡುಗನೇ ತನ್ನ ಅಕ್ಷರದಲ್ಲಿ ತುಂಬಿದ್ದ: ಟೈಟನ್ ಕೈಗಡಿಯಾರ, ಒಂದು, 13,995, ಹುಡುಗಿಯ ತಂದೆ. ಬಿಲ್ಲು ಪಿನ್ ಮಾಡಿದೆ. ಅವಳು ಸಹಿ ಹಾಕಿ, ಪೆನ್ನನ್ನು ಅವನ ಕೈಗೆ ಕೊಟ್ಟಳು.